ಆ ಜೀಪಿನ ಖರ್ಚು ಯಾರದು?

ಪ್ರಶ್ನೆ: ಮನೆಮಂದಿಯೆಲ್ಲ ಕೂಡಿ ಕೊಚ್ಚಿಯ ವಲ್ಲಾರ್ಪಾಡಂ ಮಾತೆಯ ಬಸಿಲಿಕಕ್ಕೆ ಹರಕೆ ತೀರಿಸಲು ಹೋಗಿದ್ದೆವು. ಉಳಿದುಕೊಂಡಿದ್ದ ಮನೆಯ ಪಕ್ಕದಲ್ಲಿ ಬೆಳಿಗ್ಗೆ ಒಂದು ಜೀಪು ಬಂದು ನಿಂತಿತು. ಮುಂದೆ ‘ಪಾಲಿಯೇಟಿವ್ ಕೇರ್’ ಎಂಬ ಬೋರ್ಡು. ನರ್ಸಮ್ಮ ಒಬ್ಬರು, ಜೊತೆಗೆ ಇನ್ನಿಬ್ಬರು ಹೆಂಗಸರು. ಪಾರ್ಶ್ವವಾಯು ಬಡಿದು ಮಲಗಿದ್ದ ಅಜ್ಜನ ಮೂತ್ರದ ನಳಿಕೆ ಬದಲಿಸಿ, ಬೆನ್ನಿನ ಹುಣ್ಣು ತೊಳೆದು, ಸೊಸೆಯ ಹತ್ತಿರ ಒಂದಿಷ್ಟು ಹೊತ್ತು ಮಾತಾಡಿ ಹೋದರು. ದುಡ್ಡು ಕೇಳಲಿಲ್ಲ. ‘ಪಂಚಾಯತಿಯವರು’ ಎಂದರು ಮನೆಯವರು. ಊರಿಗೆ ಬಂದ ಮೇಲೆ ನೋಡಿದರೆ ಕೇರಳ ಸರ್ಕಾರದ ಹತ್ತಿರ ಹಣವಿಲ್ಲ, ಕೇಂದ್ರ ಅನುದಾನ ತಡೆದಿದೆ, ಆಶಾ ಕಾರ್ಯಕರ್ತೆಯರು ಬೀದಿಗಿಳಿದಿದ್ದರು ಎಂದೆಲ್ಲ ಓದಿದೆ. ಆ ಜೀಪಿನ ಖರ್ಚು ನಿಜಕ್ಕೂ ಯಾರದು? ಅದು ನಿಂತು ಹೋಗುತ್ತದೆಯೇ? ನಮ್ಮ ಊರಿನಲ್ಲಿ ಯಾಕೆ ಬರುವುದಿಲ್ಲ? ನಾವೇನಾದರೂ ಹಣ ಕೊಡಬಹುದೇ?
— ಓದುಗರೊಬ್ಬರು, ಪುತ್ತೂರು

ಮೊದಲು ನೇರ ಉತ್ತರ. ಜೀಪಿನ ಬಾಡಿಗೆ, ನರ್ಸಮ್ಮನ ತಿಂಗಳ ಹಣ, ಅವರ ಚೀಲದಲ್ಲಿದ್ದ ಕ್ಯಾಥೆಟರ್, ಗಾಜ್ ಬಟ್ಟೆ, ಕೈಗವಸು ಇವುಗಳ ಬಹುಪಾಲು ಸ್ಥಳೀಯ ಪಂಚಾಯತಿಯ ವಾರ್ಷಿಕ ಯೋಜನೆಯ ಹಣದಿಂದ ಬರುತ್ತದೆ. ವಲ್ಲಾರ್ಪಾಡಂ ದ್ವೀಪ ಮುಳವುಕಾಡ್ ಗ್ರಾಮ ಪಂಚಾಯತಿಗೆ ಸೇರಿದ್ದು. ಕೇರಳದಲ್ಲಿ 941 ಗ್ರಾಮ ಪಂಚಾಯತಿ, 87 ನಗರಸಭೆ, 6 ಮಹಾನಗರಪಾಲಿಕೆಗಳಿವೆ. ಪಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದವರ ನೋವು, ಬಾಧೆ ತಗ್ಗಿಸುವ ಆರೈಕೆಗೆ, ವರ್ಷವರ್ಷವೂ ಹಣ ಎತ್ತಿಡುವುದು ಇವಕ್ಕೆ ಕಡ್ಡಾಯ. ಅಧ್ಯಕ್ಷರ ಮರ್ಜಿಗೆ ಬಿಟ್ಟದ್ದಲ್ಲ. ನರ್ಸಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ದುಡಿಯುವವರು. ಜೊತೆಗಿದ್ದ ಹೆಂಗಸರಲ್ಲಿ ಒಬ್ಬರು ಆಶಾ ಕಾರ್ಯಕರ್ತೆ, ಇನ್ನೊಬ್ಬರು ವಾರ್ಡಿನ ಸದಸ್ಯೆಯೋ ಸ್ವಯಂಸೇವಕಿಯೋ ಆಗಿದ್ದಿರಬೇಕು. ಆಶಾ ಎಂದ ಕೂಡಲೇ ರಾಜ್ಯದ ಗೌರವಧನವೂ ಕೇಂದ್ರದ ಪ್ರೋತ್ಸಾಹಧನವೂ ಬಂದವು. ಅಂದರೆ ನೀವು ಕಂಡ ಆ ಒಂದು ಜೀಪಿನಲ್ಲಿ ಪಂಚಾಯತಿಯ ಹಣ, ತಿರುವನಂತಪುರದ ಹಣ, ದೆಹಲಿಯ ಹಣ ಮೂರೂ ಕೂತಿದ್ದವು. ನಾಲ್ಕನೆಯದು ಮನೆಯೊಳಗೆ ಕಾಯುತ್ತಿತ್ತು: ಸೊಸೆಯ ದುಡಿಮೆ. ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಉಳಿದ ಮೂರರಲ್ಲಿ ಯಾವುದು ಕಡಿಮೆಯಾದರೂ ಆ ಪಾಲು ಹೋಗಿ ಬೀಳುವುದು ಈ ನಾಲ್ಕನೆಯದರ ಮೇಲೆ. ಮನೆ ಆರೈಕೆಯ ಅನುದಾನ ಕಡಿತವೆಂದರೆ ಇದು. ಆದ್ದರಿಂದಲೇ ಅದು ಸುದ್ದಿಯಾಗುವುದೂ ಅಪರೂಪ.

ಇಂಥದ್ದೊಂದು ವ್ಯವಸ್ಥೆ ಅಲ್ಲಿ ಹುಟ್ಟಿದ್ದು ಸರ್ಕಾರದಿಂದಲ್ಲ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ‘ಪೇನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ’ ಕಟ್ಟಿದರು. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಬೇಕು. ಆದರೆ 1985ರ ಮಾದಕವಸ್ತು ಕಾಯ್ದೆಯ ಹೆದರಿಕೆಯಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದ ಕಾಲ ಅದು. ದೇಶದ ವಾರ್ಷಿಕ ಮಾರ್ಫಿನ್ ಬಳಕೆ 1985ರ 716 ಕಿಲೋದಿಂದ 1997ಕ್ಕೆ 18 ಕಿಲೋಗೆ ಇಳಿದಿತ್ತು. ಮೊದಲ ಕೆಲಸ ಆ ಮಾತ್ರೆಯನ್ನು ರೋಗಿಗೆ ಮುಟ್ಟಿಸುವುದಾಗಿತ್ತು. ಆಮೇಲೆ ಗೊತ್ತಾಯಿತು, ಆಸ್ಪತ್ರೆಗೆ ಬರಲಾಗುವವರಿಗಿಂತ ಬರಲಾಗದವರೇ ಹೆಚ್ಚು. ಪಾರ್ಶ್ವವಾಯು ಬಡಿದವರು, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು, ಮುಪ್ಪಿನಿಂದಲೇ ಹಾಸಿಗೆ ಹಿಡಿದವರು. ಆಗ ಮಲಪ್ಪುರಂ ಕಡೆ ಊರಿನವರೇ ಸೇರಿ ನೆರೆಹೊರೆಯ ಜಾಲ ಕಟ್ಟಿದರು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ 16 ಗಂಟೆಯ ತರಬೇತಿ. ಅವರು ತಮ್ಮ ಬೀದಿಯಲ್ಲಿ ಮಲಗಿದವರನ್ನು ಹುಡುಕಿ ಹೇಳಬೇಕು, ನರ್ಸು ವೈದ್ಯರು ಹಿಂದೆ ಹೋಗಬೇಕು. ಬಸ್ಸಿನ ಕಂಡಕ್ಟರು, ಶಾಲೆಯ ಮಕ್ಕಳು, ಅಂಗಡಿಯವರು ಡಬ್ಬಿಗೆ ಹಾಕಿದ ಚಿಲ್ಲರೆಯಲ್ಲೇ ಜೀಪು ಓಡುತ್ತಿತ್ತು.

ಸರ್ಕಾರ ಬಂದದ್ದು ಬಳಿಕ. 2008ರಲ್ಲಿ ಕೇರಳ ಪಾಲಿಯೇಟಿವ್ ಆರೈಕೆಗೆ ನೀತಿ ರೂಪಿಸಿತು. ದೇಶದಲ್ಲಿ ಅದೇ ಮೊದಲು. 2019ರಲ್ಲಿ ಅದನ್ನು ಪರಿಷ್ಕರಿಸಿತು. 2010ರಲ್ಲಿ ಲಂಡನ್ನಿನ ಎಕನಾಮಿಸ್ಟ್ ಬಳಗದ ಅಧ್ಯಯನ ಸಂಸ್ಥೆ 40 ದೇಶಗಳಲ್ಲಿ ಜನ ಯಾವ ಸ್ಥಿತಿಯಲ್ಲಿ ಸಾಯುತ್ತಾರೆಂದು ಅಳೆದಾಗ ಭಾರತ 40ನೆಯ ಸ್ಥಾನದಲ್ಲಿತ್ತು. ಅದೇ ವರದಿ ಕೇರಳವನ್ನು ಬೇರೆ ಎತ್ತಿ ಹೇಳಿತು: ದೇಶದ ಜನಸಂಖ್ಯೆಯಲ್ಲಿ ಶೇ. 3ರಷ್ಟಿರುವ ರಾಜ್ಯ, ದೇಶದ ಒಟ್ಟು ಪಾಲಿಯೇಟಿವ್ ಸೇವೆಯ ಮೂರನೇ ಎರಡು ಪಾಲು ಕೊಡುತ್ತಿದೆ ಎಂದು. ನೀವು ವಲ್ಲಾರ್ಪಾಡಂನಲ್ಲಿ ಕಂಡದ್ದು ಆ ಮೂರನೇ ಎರಡರ ಒಂದು ತುಣುಕು.

ಈಗ ಹಣದ ವಿಷಯ. ‘ಮನೆ ಆರೈಕೆಯ ಹಣ ಕಡಿತಗೊಳಿಸಿದ್ದೇವೆ’ ಎಂದು ಕೇರಳದಲ್ಲಿ ಯಾವ ಮಂತ್ರಿಯೂ ಹೇಳಿಲ್ಲ. 2025ರ ಫೆಬ್ರವರಿಯಲ್ಲಿ ‘ಕೇರಳ ಕೇರ್’ ಎಂಬ ಹೆಸರಿನಲ್ಲಿ ಮಲಗಿದವರೆಲ್ಲರಿಗೂ ಪಾಲಿಯೇಟಿವ್ ಆರೈಕೆ ಎಂಬ ಹೊಸ ಕಾರ್ಯಕ್ರಮವನ್ನೇ ಮುಖ್ಯಮಂತ್ರಿ ಉದ್ಘಾಟಿಸಿದರು. ಅದೇ ತಿಂಗಳು, ಅದೇ ತಿರುವನಂತಪುರದಲ್ಲಿ, ಸೆಕ್ರೆಟರಿಯಟ್ ಎದುರಿನ ರಸ್ತೆಬದಿಯಲ್ಲಿ ಆಶಾ ಕಾರ್ಯಕರ್ತೆಯರು ಹಗಲು ರಾತ್ರಿ ಧರಣಿ ಕೂತರು. ಫೆಬ್ರವರಿ 10ರಂದು ಶುರುವಾದದ್ದು ಕೊನೆಗೊಂಡದ್ದು 266ನೆಯ ದಿನಕ್ಕೆ. 7,000 ರೂಪಾಯಿ ಗೌರವಧನವನ್ನು 21,000ಕ್ಕೆ ಏರಿಸಿ, ನಿವೃತ್ತಿಯಾಗುವಾಗ 5 ಲಕ್ಷ ಕೊಡಿ ಎಂದು ಕೇಳಿದ್ದರು. ಸಿಕ್ಕಿದ್ದು ತಿಂಗಳಿಗೆ 1,000 ರೂಪಾಯಿ ಹೆಚ್ಚಳ. ರಾಜ್ಯವು ಕೇಂದ್ರ ತನ್ನ ಪಾಲು ಕೊಟ್ಟಿಲ್ಲ ಎಂದಿತು. ಕೇಂದ್ರದ ಆರೋಗ್ಯ ಮಂತ್ರಿ ಜೆ.ಪಿ. ನಡ್ಡಾ ಸಂಸತ್ತಿನಲ್ಲಿ ಎದ್ದು ನಿಂತು, ನಾವು ಕೊಟ್ಟಾಗಿದೆ, ಖರ್ಚಿನ ಪ್ರಮಾಣಪತ್ರ ಬಂದಿಲ್ಲ ಎಂದರು. ಹೊಸ ಯೋಜನೆಯ ಉದ್ಘಾಟನೆಯೂ, ಆ ಯೋಜನೆಯನ್ನು ಮನೆ ಬಾಗಿಲಿಗೆ ಒಯ್ಯಬೇಕಾದವರ ಧರಣಿಯೂ ಒಂದೇ ಊರಿನಲ್ಲಿ ಒಂದೇ ತಿಂಗಳಲ್ಲಿ ನಡೆದವು. ಎರಡೂ ಸುಳ್ಳಲ್ಲ.

ಹಾಗಾದರೆ ಹಣ ಸೋರುವುದೆಲ್ಲಿ? ಒಂದು ಕಡೆ ಹೆಸರಿನ ಜಗಳ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಆರೋಗ್ಯ ಕೇಂದ್ರಗಳಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ್’ ಎಂಬ ಫಲಕ ಹಾಕಬೇಕೆಂದು ದೆಹಲಿ ಹೇಳಿತು, ಹಾಕುವುದಿಲ್ಲವೆಂದು ಕೇರಳ ಹೇಳಿತು. 2023–24ರಲ್ಲಿ ಅಭಿಯಾನದ ಹಣ ನಿಂತಿತು. ತಮಗೆ ಬರಬೇಕಾದದ್ದು 636 ಕೋಟಿ ರೂಪಾಯಿಗೂ ಹೆಚ್ಚು ಎಂದು ರಾಜ್ಯ ಲೆಕ್ಕ ಕೊಟ್ಟಿತು. ಕೊನೆಗೆ 2024ರ ನಡುವೆ ಕೇರಳ ತನ್ನ ಹೆಸರನ್ನೂ ಉಳಿಸಿಕೊಂಡು ದೆಹಲಿಯ ಹೆಸರನ್ನೂ ಹಾಕಲು ಒಪ್ಪಿತು. ಬೋರ್ಡಿನ ಮೇಲೆ ಏನು ಬರೆದಿರಬೇಕು ಎಂಬುದಕ್ಕೆ ವರ್ಷ ಕಳೆಯಬಲ್ಲ ಎರಡು ಸರ್ಕಾರಗಳ ನಡುವೆ, ಬೋರ್ಡೇ ಇಲ್ಲದ ಮನೆಯೊಳಗಿನ ಆರೈಕೆಗೆ ಯಾರು ವಕಾಲತ್ತು ವಹಿಸಬೇಕು?

ಇನ್ನೊಂದು ಕಡೆ ರಾಜ್ಯದ ಸಾಲದ ಮಿತಿ. ರಾಜ್ಯದ ಸಾಲದ ಹಕ್ಕನ್ನು ಕೇಂದ್ರ ಮೊಟಕುಗೊಳಿಸಿದೆ ಎಂದು ಕೇರಳ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೇ ಹೋಯಿತು. 2024ರ ಏಪ್ರಿಲ್‌ನಲ್ಲಿ ಪ್ರಕರಣ ಸಂವಿಧಾನ ಪೀಠಕ್ಕೆ ಹೋಯಿತು. ಅದರ ಸರಿತಪ್ಪು ನ್ಯಾಯಾಧೀಶರಿಗೆ ಬಿಟ್ಟದ್ದು. ಪಂಚಾಯತಿ ಕಚೇರಿಯಲ್ಲಿ ಅದು ಕಾಣಿಸುವ ಬಗೆ ಬೇರೆ: 2024ರ ಸೆಪ್ಟೆಂಬರಿನಲ್ಲಿ ಹಣಕಾಸು ಇಲಾಖೆಯ ಅನುಮತಿಯಿಲ್ಲದೆ ಖಜಾನೆಯಿಂದ ಪಾಸಾಗುವ ಬಿಲ್ಲಿನ ಮಿತಿ 25 ಲಕ್ಷದಿಂದ 5 ಲಕ್ಷಕ್ಕೆ ಇಳಿಯಿತು. ಯೋಜನಾ ಹಣ ಕಂತುಗಳಲ್ಲಿ ಬರುತ್ತದೆ. ಕಂತು ತಡವಾದರೆ ಬಿಲ್ಲು ಸಾಲಿನಲ್ಲಿ ನಿಲ್ಲುತ್ತದೆ. ಮಾರ್ಚ್ 31 ದಾಟಿದರೆ ಅದು ಮುಂದಿನ ವರ್ಷದ ಹಣವನ್ನು ತಿನ್ನುತ್ತದೆ. ರಸ್ತೆಯ ಗುತ್ತಿಗೆದಾರನಾದರೆ ಆರು ತಿಂಗಳು ಕಾದು, ಕೂಗಾಡಿ, ಬಡ್ಡಿ ಸೇರಿಸಿ ಮುಂದಿನ ಟೆಂಡರಿನಲ್ಲಿ ವಸೂಲು ಮಾಡಿಯಾನು. ಗುತ್ತಿಗೆಯ ನರ್ಸಮ್ಮನಿಗೆ ಆ ದಾರಿಯಿಲ್ಲ. ಜೀಪಿನ ಡ್ರೈವರಿಗೂ ಇಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ‘ಆಶ್ವಾಸಕಿರಣಂ’. ಮಲಗಿದವರನ್ನು ದಿನವಿಡೀ ನೋಡಿಕೊಳ್ಳಲು ಕೆಲಸ ಬಿಟ್ಟು ಮನೆಯಲ್ಲಿರುವವರಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ಕೊಡುವ ತಿಂಗಳ ನೆರವು ಅದು. ಸುಮ್ಮನೆ ನೋಡಿದರೆ ಅದ್ಭುತ ಯೋಜನೆ: ಆ ಸೊಸೆಯ ದುಡಿಮೆಯನ್ನು ದುಡಿಮೆ ಎಂದು ಒಪ್ಪಿಕೊಂಡ ಸರ್ಕಾರಗಳು ಈ ದೇಶದಲ್ಲಿ ಎಷ್ಟಿವೆ? ಮೊತ್ತ ತಿಂಗಳಿಗೆ 600 ರೂಪಾಯಿ. ದಿನಕ್ಕೆ 20. ಕೊಚ್ಚಿಯಲ್ಲಿ ಏಜೆನ್ಸಿಯಿಂದ ಹೋಂ ನರ್ಸ್ ಕರೆಸಿದರೆ ತಿಂಗಳಿಗೆ ಇಪ್ಪತ್ತು ಸಾವಿರಕ್ಕೂ ಮೇಲೆ ಬೇಕು. ಆ 600 ಕೂಡ ತಿಂಗಳುಗಟ್ಟಲೆ ಬಾಕಿ ಬಿತ್ತು, ಹೊಸ ಅರ್ಜಿಗಳಿಗೆ ಬಾಗಿಲು ವರ್ಷಗಟ್ಟಲೆ ಮುಚ್ಚಿತ್ತು. ಹಳಬರು ತೀರಿಕೊಳ್ಳುತ್ತಾರೆ, ಹೊಸಬರು ಪಟ್ಟಿಗೆ ಸೇರುವುದಿಲ್ಲ, ಯೋಜನೆಯ ಖರ್ಚು ತಾನಾಗಿ ಇಳಿಯುತ್ತದೆ. ಕಾಗದದ ಮೇಲೆ ಯೋಜನೆ ಹಾಗೆಯೇ ಇದೆ. ಇದಕ್ಕಿಂತ ಸದ್ದಿಲ್ಲದ ಕಡಿತವನ್ನು ಯೋಚಿಸಲೂ ಆಗದು. ಹೀಗೆಂದ ಮಾತ್ರಕ್ಕೆ ಕೇರಳ ಕೈಚೆಲ್ಲಿದೆ ಎಂದಲ್ಲ. ಬಾಕಿಗಳನ್ನು ಆಗಾಗ ಬಿಡುಗಡೆ ಮಾಡಿದ್ದಾರೆ. 1,600 ರೂಪಾಯಿಯ ಸಾಮಾಜಿಕ ಪಿಂಚಣಿ ಒಂದು ಕಾಲದಲ್ಲಿ ಹಲವು ತಿಂಗಳು ನಿಂತಿದ್ದರೂ 2025ರ ನವೆಂಬರಿನಿಂದ ಅದನ್ನು 2,000ಕ್ಕೆ ಏರಿಸಿದ್ದಾರೆ. ಆದರೆ ಪಿಂಚಣಿ ಪಡೆಯುವವರಿಗೆ ಓಟಿದೆ, ಸಂಖ್ಯೆಯಿದೆ. ಹಾಸಿಗೆಯ ಪಕ್ಕದಿಂದ ಏಳಲಾಗದ ಹೆಂಗಸು ಯಾವ ಮೆರವಣಿಗೆಗೆ ಹೋದಾಳು?

ಇದರಿಂದ ಏನಾಗುತ್ತದೆ ಎಂದು ತಿಳಿಯಲು ನೀವು ಕಂಡ ಅಜ್ಜನ ನಳಿಕೆಯನ್ನೇ ನೋಡೋಣ. ಸಾಮಾನ್ಯ ರಬ್ಬರಿನ ಕ್ಯಾಥೆಟರನ್ನು ಎರಡರಿಂದ ನಾಲ್ಕು ವಾರದೊಳಗೆ ಬದಲಿಸಬೇಕು. ಜೀಪು ಹದಿನೈದು ದಿನಕ್ಕೆ ಬರುವುದು ತಿಂಗಳಿಗಾಯಿತು ಎನ್ನಿ, ಅಥವಾ ನರ್ಸಮ್ಮನ ಗುತ್ತಿಗೆ ಮುಗಿದು ಹೊಸಬರು ಬರುವುದು ತಡವಾಯಿತು ಎನ್ನಿ. ನಳಿಕೆ ಕಟ್ಟಿಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ಜ್ವರ ಬರುತ್ತದೆ, ಮಾತು ನಿಂತಿರುವ ಅಜ್ಜನಿಗೆ ಏನಾಗುತ್ತಿದೆಯೆಂದು ಹೇಳಲಾಗದು, ಮುಲುಗುತ್ತಾರೆ ಅಷ್ಟೇ. ರಾತ್ರಿ ಹೊತ್ತಿಗೆ ಆಂಬುಲೆನ್ಸು, ಜನರಲ್ ಆಸ್ಪತ್ರೆ, ಸೋಂಕು, ಆ್ಯಂಟಿಬಯೋಟಿಕ್, ಒಂದು ವಾರದ ವಾರ್ಡು. ಬೆನ್ನಿನ ಹುಣ್ಣಿನ ಕತೆಯೂ ಹಾಗೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಳಿ ಹಾಸಿಗೆ ಬೇಕು. ಹುಣ್ಣು ಕೊಳೆತು ವಾಸನೆ ಬಂದರೆ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸುವುದನ್ನು ಕೇರಳದ ಪಾಲಿಯೇಟಿವ್ ನರ್ಸುಗಳು ಮನೆಯವರಿಗೆ ಕಲಿಸುತ್ತಾರೆ. ಕೆಲವೇ ರೂಪಾಯಿಯ ಮಾತ್ರೆ. ಆದರೆ ವಾಸನೆ ನಿಂತರೆ ಮೊಮ್ಮಕ್ಕಳು ಮತ್ತೆ ಅಜ್ಜನ ಕೋಣೆಗೆ ಬರುತ್ತಾರೆ. ಇದನ್ನು ಹೇಳಿಕೊಡುವವರು ಬರದಿದ್ದರೆ ಬಾಗಿಲು ಹಾಕಿಡುತ್ತಾರೆ. ಜೀಪಿನ ಡೀಸೆಲ್ಲಿನಲ್ಲಿ ಉಳಿಸಿದ ಹಣ ಆಸ್ಪತ್ರೆಯ ಲೆಕ್ಕದಲ್ಲಿ ಹತ್ತು ಪಾಲಾಗಿ ಮೂಡುತ್ತದೆ. ಬೇರೆ ಇಲಾಖೆಯ, ಬೇರೆ ಪುಸ್ತಕದಲ್ಲಿ ಮೂಡುವುದರಿಂದ ಎರಡನ್ನೂ ಕೂಡಿಸಿ ನೋಡುವವರಿಲ್ಲ. ಕೇರಳದಲ್ಲಿ 60 ದಾಟಿದವರು 2021ರ ಅಂದಾಜಿಗೆ ಶೇ. 16.5; ದೇಶದಲ್ಲಿ ಶೇ. 10 ಚಿಲ್ಲರೆ. ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ ಇರುವ ಎಷ್ಟೋ ಮನೆಗಳಲ್ಲಿ ಸೊಸೆಯೂ ಇಲ್ಲ; ಎಂಬತ್ತರ ಅಜ್ಜನನ್ನು ಎಪ್ಪತ್ತೈದರ ಅಜ್ಜಿ ಮಗ್ಗುಲು ಬದಲಿಸಬೇಕು.

ದ್ವೀಪದ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡಮಾತು. ವಲ್ಲಾರ್ಪಾಡಂಗೆ 2004ರಲ್ಲಿ ಗೋಶ್ರೀ ಸೇತುವೆಗಳಾಗುವವರೆಗೆ ರೋಗಿಯನ್ನು ಎರ್ನಾಕುಳಕ್ಕೆ ಸಾಗಿಸಲು ದೋಣಿಯೇ ಗತಿ. 2011ರಲ್ಲಿ ಅಲ್ಲೇ ಅಂತರರಾಷ್ಟ್ರೀಯ ಕಂಟೇನರ್ ಟರ್ಮಿನಲ್ ಬಂತು. ಅದಕ್ಕೆ ರಸ್ತೆ, ರೈಲು ಹಾಕಲು ಮೂಲಂಪಿಳ್ಳಿ ಮೊದಲಾದ ಕಡೆಗಳಿಂದ 316 ಕುಟುಂಬಗಳನ್ನು ಎಬ್ಬಿಸಲಾಯಿತು. 2008ರ ಫೆಬ್ರವರಿ 6ರ ಮೂಲಂಪಿಳ್ಳಿಯ ತೆರವು ಅಲ್ಲಿನವರಿಗೆ ಇಂದಿಗೂ ಹಸಿ ನೆನಪು. ಎಬ್ಬಿಸಿದವರಿಗೆ ಕೊಟ್ಟ ಪುನರ್ವಸತಿಯ ಮಾತು ವರ್ಷಗಟ್ಟಲೆ ಎಳೆಯಿತು; ಟರ್ಮಿನಲ್ಲಿನ ರೈಲು ಸೇತುವೆ ಹಾಗೆ ಎಳೆಯಲಿಲ್ಲ. ಕಣ್ಣಿಗೆ ಕಾಣುವುದಕ್ಕೆ ಸರ್ಕಾರಗಳ ಬಳಿ ಹಣ ಬೇಗ ಹುಟ್ಟುತ್ತದೆ.

ನೀವು ಪುತ್ತೂರಿನವರು. ಹಾಗಾಗಿ ಕೊಚ್ಚಿಗಿಂತ ನಿಮಗೆ ಹತ್ತಿರದ ಊರೊಂದನ್ನು ಹೇಳದೆ ಈ ಉತ್ತರ ಮುಗಿಯದು. ಪಾಣಾಜೆ ದಾಟಿದರೆ ಸಿಗುವ ಪೆರ್ಲ, ಪಡ್ರೆ, ಸ್ವರ್ಗ: ಇವೆಲ್ಲ ಕಾಸರಗೋಡಿನ ಎಣ್ಮಕಜೆ ಪಂಚಾಯತಿ. ಕನ್ನಡ, ತುಳು, ಹವ್ಯಕ ಮಾತಾಡುವ ಮನೆಗಳು. ಅಲ್ಲಿನ ಗೇರು ತೋಟಗಳ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ವಾಣೀನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಒಂದೇ ಸುತ್ತಿನಿಂದ ಯಾಕಿಷ್ಟು ಮೆದುಳಿನ ಕಾಯಿಲೆ, ಅಂಗವೈಕಲ್ಯ ಬರುತ್ತಿದೆಯೆಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಲೋಕಕ್ಕೆ ಬರೆದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ಆದರೆ ಅಷ್ಟರಲ್ಲಿ ಕುಂಬಡಾಜೆ, ಬೆಳ್ಳೂರು, ಬದಿಯಡ್ಕ, ಮುಳಿಯಾರು ಸೇರಿ 11 ಪಂಚಾಯತಿಗಳಲ್ಲಿ ಹುಟ್ಟಿದಾಗಿನಿಂದ ಮಲಗಿಯೇ ಇರುವ ಮಕ್ಕಳಿದ್ದರು. ಮೂವತ್ತರ ಮಗನನ್ನು ಎತ್ತಿ ಸ್ನಾನ ಮಾಡಿಸುವ ಅರವತ್ತರ ತಾಯಿ ಅಲ್ಲಿ ಅಪರೂಪವಲ್ಲ.

ಇಲ್ಲಿ ಮನೆ ಆರೈಕೆ ಸರ್ಕಾರದ ಕೃಪೆಯಾಗಿ ಬಂದದ್ದಲ್ಲ, ಸರ್ಕಾರದ್ದೇ ಸಂಸ್ಥೆ ಮಾಡಿದ ಹಾನಿಗೆ ತೀರಿಸಬೇಕಾದ ಋಣ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಪೂರ್ತಿ ಹಾಸಿಗೆ ಹಿಡಿದವರಿಗೆ 5 ಲಕ್ಷ, ಉಳಿದವರಿಗೆ 3 ಲಕ್ಷ ಕೊಡಲು ಹೇಳಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಎಲ್ಲರಿಗೂ 5 ಲಕ್ಷ, ಮೂರು ತಿಂಗಳಲ್ಲಿ ಎಂದಿತು. ಐದು ವರ್ಷ ಕಳೆದು 2022ರಲ್ಲಿ ನ್ಯಾಯಾಲಯ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಜನರಿಗೆ. ಆ ಎಂಟು ಮಂದಿ ಕೋರ್ಟಿಗೆ ಹೋದವರು. ಛೀಮಾರಿಯ ಬಳಿಕವೇ ಹಂಚಿಕೆ ಚುರುಕಾದದ್ದು. ಅದೇ ವರ್ಷದ ಅಕ್ಟೋಬರಿನಲ್ಲಿ ಸಾಮಾಜಿಕ ಹೋರಾಟಗಾರ್ತಿ ದಯಾಬಾಯಿ ತಿರುವನಂತಪುರದ ಸೆಕ್ರೆಟರಿಯಟ್ ಎದುರು ಎರಡು ವಾರಕ್ಕೂ ಹೆಚ್ಚು ಉಪವಾಸ ಕೂತು ಕೇಳಿದ್ದು ಏನೆಂದುಕೊಂಡಿರಿ? ಈ ಮಕ್ಕಳನ್ನು ಹಗಲಿಗಾದರೂ ನೋಡಿಕೊಳ್ಳುವ ಕೇಂದ್ರ ಪಂಚಾಯತಿಗೊಂದು, ಜಿಲ್ಲೆಯಲ್ಲಿ ಒಳ್ಳೆಯ ಆಸ್ಪತ್ರೆ. ಅಂದರೆ ತಾಯಂದಿರಿಗೆ ಒಂದಿಷ್ಟು ಬಿಡುವು, ಅಷ್ಟೇ.

ವರ್ಗಕ್ಕೆ ತಕ್ಕಂತೆ ತಿಂಗಳಿಗೆ 1,200ರಿಂದ 2,200 ರೂಪಾಯಿಯ ಪಿಂಚಣಿ ಈ ಬಾಧಿತರಿಗಿದೆ. ಅದೂ ನಡುನಡುವೆ ಬಾಕಿ ಬಿದ್ದಿದೆ. ಉಚಿತ ಚಿಕಿತ್ಸೆ, ಔಷಧಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಬರುತ್ತಿತ್ತು. ಅದು ನಿಂತಾಗ ಅಪಸ್ಮಾರದ ಮಾತ್ರೆಗೂ ಮನೆಯವರು ಕೈಯಿಂದ ಹಾಕಬೇಕಾಯಿತು. ಪ್ರತಿಭಟನೆಯಾದ ಮೇಲೆ ಕಾಸರಗೋಡು ಅಭಿವೃದ್ಧಿ ಪ್ಯಾಕೇಜಿನಿಂದ ಹಣ ತೆಗೆಯುವ ಏರ್ಪಾಡಾಯಿತು. ಆ ಪ್ಯಾಕೇಜು ಇರುವುದು ಹಿಂದುಳಿದ ಜಿಲ್ಲೆಗೆ ರಸ್ತೆ, ಕಟ್ಟಡ, ನೀರು ಕೊಡಲು. ಅಪಸ್ಮಾರದ ಮಾತ್ರೆಯನ್ನು ಒಂದು ದಿನ ತಪ್ಪಿಸಿದರೆ ಆ ದಿನವೇ ಫಿಟ್ಸ್ ಬರಬಹುದು ಎಂಬುದು ಕಡತಕ್ಕೆ ಗೊತ್ತಿರುವುದಿಲ್ಲ. ಇನ್ನು ಆಸ್ಪತ್ರೆ ಬೇಕಾದರೆ ಇವರು ಬರುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿಗೆ, ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬುಲೆನ್ಸುಗಳನ್ನೂ ತಡೆದದ್ದು ನಿಮಗೆ ನೆನಪಿರಬೇಕು. ಎಣ್ಮಕಜೆಯ ಎಲ್ಲೆಗೆ ತಾಗಿದ ಉಕ್ಕಿನಡ್ಕದಲ್ಲಿ 2013ರಲ್ಲೇ ವೈದ್ಯಕೀಯ ಕಾಲೇಜಿಗೆ ಕಲ್ಲು ಹಾಕಿದ್ದರು. ವಿದ್ಯಾರ್ಥಿಗಳ ಪ್ರವೇಶಕ್ಕೆ ಅನುಮತಿ ಸಿಕ್ಕಲು 2025 ಆಗಬೇಕಾಯಿತು. ಹತ್ತಿರ ಆಸ್ಪತ್ರೆಯಿಲ್ಲದ ಊರಿನಲ್ಲಿ ಮನೆಗೆ ಬರುವ ನರ್ಸು ಎಂದರೆ ಇಡೀ ಆಸ್ಪತ್ರೆಯೇ. ಆ ಹಣ ತಡವಾಗುವುದಕ್ಕೂ ಕೊಚ್ಚಿಯಲ್ಲಿ ತಡವಾಗುವುದಕ್ಕೂ ಅಷ್ಟು ವ್ಯತ್ಯಾಸವಿದೆ.

ಇದು ಬಡ ದೇಶದ ಪಾಡು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿದ ನಮ್ಮ ಕಡೆಯ ಹಿರಿಯರು ಅನೇಕರಿದ್ದಾರೆ. ಅಲ್ಲಿ ವೃದ್ಧರ ವಿಮೆಯಾದ ಮೆಡಿಕೇರ್ ಮನೆಗೆ ನರ್ಸು ಕಳುಹಿಸುವ ಸಂಸ್ಥೆಗಳಿಗೆ ಕೊಡುವ ದರವನ್ನು 2026ಕ್ಕೆ ಶೇ. 6.4 ಇಳಿಸುವುದಾಗಿ ಹೇಳಿ, ಗಲಾಟೆಯಾದ ಮೇಲೆ ಶೇ. 1.3ಕ್ಕೆ ನಿಲ್ಲಿಸಿತು. ಬಡವರ ಮೆಡಿಕೇಡ್‌ನಲ್ಲಿ ಇನ್ನೂ ಸೂಕ್ಷ್ಮ ವಿಚಾರವಿದೆ: ನರ್ಸಿಂಗ್ ಹೋಮಿನ ಖರ್ಚು ಭರಿಸುವುದು ಪ್ರತಿ ರಾಜ್ಯಕ್ಕೂ ಕಡ್ಡಾಯ, ಮನೆಯಲ್ಲೇ ಆರೈಕೆಗೆ ಕೊಡುವುದು ಬಹುಮಟ್ಟಿಗೆ ಐಚ್ಛಿಕ. 2025ರ ಜುಲೈ ಕಾನೂನಿನಿಂದ ಮೆಡಿಕೇಡ್‌ಗೆ ಬರುವ ಹಣ ಕಡಿಮೆಯಾದಾಗ ರಾಜ್ಯಗಳು ಮೊದಲು ಕೈಹಾಕುವುದು ಐಚ್ಛಿಕದ ಮೇಲೆ ಎಂದು ಅಲ್ಲಿನ ಅಂಗವಿಕಲರ ಸಂಘಟನೆಗಳು ಕೂಗುತ್ತಿರುವುದು ಅದಕ್ಕೆ. ಆ ದೃಷ್ಟಿಯಿಂದ, ಪಾಲಿಯೇಟಿವ್ ಆರೈಕೆಯನ್ನು ಪಂಚಾಯತಿಗಳಿಗೆ ಕಡ್ಡಾಯ ಮಾಡಿದ ಕೇರಳದ ಬುದ್ಧಿವಂತಿಕೆ ದೊಡ್ಡದು. ಹಣ ತಡವಾಗಬಹುದು, ಬಜೆಟ್ಟಿನಲ್ಲಿರುವ ತಲೆಬರಹವನ್ನೇ ಅಳಿಸಿಹಾಕುವುದು ಸುಲಭವಲ್ಲ.

ಹಾಗಾಗಿ ಜೀಪು ನಿಂತುಹೋಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ: ನಿಲ್ಲುವುದಿಲ್ಲ. ಬರುವ ದಿನ ಕಡಿಮೆಯಾಗಬಹುದು, ಡಯಾಪರ್ ನೀವೇ ತನ್ನಿ ಎನ್ನಬಹುದು, ಒಬ್ಬ ನರ್ಸಿಗೆ ಇನ್ನಷ್ಟು ಮನೆಗಳು ಬರಬಹುದು. ಸರ್ಕಾರದ ಹಣ ಸೊರಗಿದ ಕಡೆ ಊರಿನ ಸಂಘಗಳ ಡಬ್ಬಿ ಕೈಹಿಡಿಯುತ್ತದೆ. ಅದು ಸರ್ಕಾರಕ್ಕಿಂತ ಹಳೆಯದು. ಆದರೆ ಡಬ್ಬಿ ಇದೆ ಎಂಬ ಧೈರ್ಯದಲ್ಲಿ ಖಜಾನೆ ಹಿಂದೆ ಸರಿಯುವುದನ್ನು ನಾನಂತೂ ಮೆಚ್ಚಲಾರೆ. ಮಲಪ್ಪುರಂನಲ್ಲಿ ತುಂಬುವ ಡಬ್ಬಿ ಎಣ್ಮಕಜೆಯಲ್ಲೂ ತುಂಬಬೇಕೆಂದರೆ ಹೇಗೆ?

ನಮ್ಮಲ್ಲಿ ಯಾಕಿಲ್ಲ? ಒಂದು ಕಾರಣ ಆಡಳಿತದ್ದು. 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಜನರ ಯೋಜನಾ ಆಂದೋಲನ ನಡೆದಾಗ ಕೇರಳ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಗ್ರಾಮ ಪಂಚಾಯತಿಯ ಕೈಗೆ ಬಂದವು. ಕರ್ನಾಟಕದಲ್ಲಿ ಆರೋಗ್ಯ ಕೇಂದ್ರ ಜಿಲ್ಲಾ ಪಂಚಾಯತಿಯ ಅಧೀನ. ನಿಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷರಿಗೆ ಮನಸ್ಸು ಬಂದರೂ ನರ್ಸನ್ನು ನೇಮಿಸಿ ಜೀಪು ಬಾಡಿಗೆಗೆ ಹಿಡಿಯಲು ಅವರ ಕೈಯಲ್ಲಿ ಹಣವೂ ಇಲ್ಲ, ವೈದ್ಯರೂ ಇಲ್ಲ. ಹಾಗೆಂದು ಏನೂ ಇಲ್ಲವೆಂದಲ್ಲ. 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಗೆ ಬಂದು ಬಿ.ಪಿ., ಶುಗರ್ ಪರೀಕ್ಷಿಸುತ್ತಾರೆ. ಅದು ಕಾಯಿಲೆ ಹುಡುಕುವ ಯೋಜನೆ, ಮಲಗಿದವರ ಹುಣ್ಣು ತೊಳೆಯುವುದಲ್ಲ. ನಿಮ್ಮ ಜಿಲ್ಲೆಯಲ್ಲೇ ಎಂಡೋಸಲ್ಫಾನ್ ಬಾಧಿತರಿಗೆ ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳಾದವು, ಪಿಂಚಣಿಯೂ ಬಂತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಮನೆಯಲ್ಲೂ ತನ್ನ ಆವರಣದಲ್ಲೂ ಆರೈಕೆ ಮಾಡುತ್ತಾ ಬಂದಿದೆ. ಇವೆಲ್ಲ ಬಿಡಿಬಿಡಿ. ಇಲ್ಲಿನ ಆಶಾ ಕಾರ್ಯಕರ್ತೆಯರೂ 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. 15,000 ಕೇಳಿ, ತಿಂಗಳಿಗೆ ಕನಿಷ್ಠ 10,000ದ ಭರವಸೆ ಪಡೆದು ಎದ್ದರು. ನಾಳೆ ಕರ್ನಾಟಕ ಮನೆ ಆರೈಕೆ ಶುರುಮಾಡಿದರೆ ಅದು ನಡೆದುಬರುವುದು ಇವರ ಕಾಲಿನ ಮೇಲೆಯೇ.

ಕೊನೆಗೆ ಹಣ ಕೊಡುವ ವಿಚಾರ. ಕೇರಳದಲ್ಲಿ ಜನವರಿ 15 ಪಾಲಿಯೇಟಿವ್ ದಿನ. ಆ ದಿನ ಊರೂರಿನ ಸಂಘಗಳು ಡಬ್ಬಿ ಹಿಡಿದು ಬರುತ್ತವೆ. ವಲ್ಲಾರ್ಪಾಡಂಗೆ ಮತ್ತೆ ಹೋದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಣಕ್ಕಿಂತ ಗಾಳಿ ಹಾಸಿಗೆ, ಗಾಲಿಕುರ್ಚಿ, ವಾಕರ್ ಕೊಟ್ಟರೆ ಬೇಗ ಬಳಕೆಗೆ ಬರುತ್ತವೆ, ಒಬ್ಬರ ನಂತರ ಇನ್ನೊಬ್ಬರ ಮನೆಗೆ ಹೋಗುತ್ತವೆ. ಅಷ್ಟು ದೂರ ಬೇಡವೆಂದರೆ ಪೆರ್ಲ ನಿಮಗೆ ಒಂದು ಗಂಟೆಯ ದಾರಿಯೂ ಅಲ್ಲ. ನಿಮ್ಮ ಬೀದಿಯಲ್ಲೇ ಯಾರಾದರೂ ಮಲಗಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ತಾಲೂಕು ಆರೋಗ್ಯಾಧಿಕಾರಿಗಳನ್ನು ನೇರ ಕೇಳಿ: ಕ್ಯಾಥೆಟರ್ ಬದಲಿಸಲು ಮನೆಗೆ ಯಾರನ್ನು ಕಳುಹಿಸುತ್ತೀರಿ ಎಂದು. ಇಲ್ಲವೆಂದರೆ ಆ ‘ಇಲ್ಲ’ವನ್ನು ಬರಹದಲ್ಲಿ ಕೊಡಿ ಎನ್ನಿ. ಹಣ ಯಾರಿಗೇ ಕೊಟ್ಟರೂ ರಸೀದಿ ಪಡೆಯಿರಿ.